ಕುಂಕುಮ ಹಚ್ಚಿಸಿಕೊಂಡ ವೈಫೈ

ಕಾಡುಗೋಡಿಯ ಚಿಕ್ಕಬೈರಪ್ಪನಿಗೆ ಕಾಫಿ ಅಂದರೆ ನಾಲಿಗೆ ಬೊಬ್ಬೆ ಏಳುವಷ್ಟು ಬಿಸಿ ಇರಬೇಕು. ಒಂದು ಗುಟುಕು ಹೀರುತ್ತಾನೆ, ಬೀದಿಯವರಿಗೆಲ್ಲ ಬುದ್ಧಿ ಹೇಳುತ್ತಾನೆ, ಆಮೇಲೆ, "ಲೇ ಅಂಜನಿ, ತಣ್ಗಾಯ್ತು, ಬಿಸಿ ಮಾಡೇ" ಅನ್ನುತ್ತಾನೆ. ಹೆಂಡತಿ ಅಂಜನಮ್ಮ ಕಪ್ಪನ್ನು ಹೊಸ ಮೈಕ್ರೋವೇವ್ ಓವನ್ನಿಗೆ ತಳ್ಳುತ್ತಾಳೆ.

ಅವತ್ತೂ ಓವನ್ ಗುರ್ರೆಂದಿತು. ಕೋಣೆಯಿಂದ ಸೊಸೆ ವೇಣಿ ಕಿರುಚಿದಳು. "ಮಾವ, ಮೀಟಿಂಗ್ ಮಧ್ಯ ನೆಟ್ ಹೋಯ್ತು! ಇವತ್ತೂ ಹಿಂಗಾದ್ರೆ ಮನೇಲಿ ಕೂತು ಮಾಡೋ ಕೆಲ್ಸ ಸಾಕು, ಆಫೀಸಿಗೇ ಬಾ ಅಂದವ್ರೆ ಮ್ಯಾನೇಜರು. ಆಮೇಲೆ ಅವಳಿಗಳನ್ನ ನೀವೇ ನೋಡ್ಕೋಬೇಕು!"

"ನನ್ ಸೊಂಟ ಬಿದ್ದೋಗೈತೆ, ನಾನೊಲ್ಲೆ," ಅಂದಳು ಅಂಜನಮ್ಮ.

ಆ ಅವಳಿ ಮೊಮ್ಮಕ್ಕಳು ಜೆಸಿಬಿಯನ್ನೇ ನಾಚಿಸುವಂಥವು. ಚಿಕ್ಕಬೈರಪ್ಪ ಗೂಡಿನಲ್ಲಿದ್ದ ವೈಫೈ ಪೆಟ್ಟಿಗೆಯನ್ನು ನೋಡಿದ. ಆಯುಧಪೂಜೆಯಲ್ಲಿ ಸ್ಕೂಟರಿನ ಜೊತೆ ಅದಕ್ಕೂ ಕುಂಕುಮ, ಚೆಂಡುಹೂವು, ತೆಂಗಿನಕಾಯಿ ನೀರು ಎಲ್ಲ ಆಗಿತ್ತು. ಪೆಟ್ಟಿಗೆಯ ಲೈಟೂ ಉರಿಯುತ್ತಿತ್ತು.

"ಯಾವನೋ ನಮ್ ನೆಟ್ ಕದೀತಾವ್ನೆ!"

ಎದುರುಮನೆ ಗೌರಮ್ಮ ಓಡಿ ಬಂದಳು. "ಕಳ್ಳನೂ ಅಲ್ಲ, ಗಿಳ್ಳನೂ ಅಲ್ಲ ಕಣಣ್ಣ, ದೃಷ್ಟಿ!" ಅಂತ ಪೆಟ್ಟಿಗೆಗೆ ನಿಂಬೆಹಣ್ಣು ಕಟ್ಟಿದಳು. ಅಷ್ಟರಲ್ಲಿ ಓವನ್ ನಿಂತಿತ್ತು.

"ಬಂತು ಮಾವ!" ವೇಣಿ ಕೂಗಿದಳು.

ಗೌರಮ್ಮ ರಥ ಎಳೆದವಳಂತೆ ಬೀಗಿದಳು. ಖುಷಿಗೆ ಚಿಕ್ಕಬೈರಪ್ಪ, "ಅಂಜನೀ, ಕಾಫಿ ಬಿಸಿ ಮಾಡೇ!" ಅಂದ. ಗುರ್ರ್.

"ಹೋಯ್ತು ಮಾವ!"

ಗಲಾಟೆ ಕೇಳಿ ಬಂದ ಟೀ ಅಂಗಡಿ ಮರೆಪ್ಪ ಪೆಟ್ಟಿಗೆಯ ಹಿಂದೆ ಮದುವೆಗೆ ಉಡುಗೊರೆ ಬಂದಿದ್ದ ಸ್ಟೀಲ್ ತಟ್ಟೆ ಇಟ್ಟ. "ಸಿಗ್ನಲ್ಲು ಗೋಡೆಗೆ ಹೊಡೆದ ಚೆಂಡಿನಂಗೆ ವಾಪಸ್ ಬತ್ತದೆ, ನೋಡ್ತಾ ಇರು!" ಬಂತು. ಮತ್ತೆ ಕಾಫಿ, ಮತ್ತೆ ಗುರ್ರ್, ಮತ್ತೆ ಹೋಯ್ತು.

ಮರೆಪ್ಪ ತಲೆ ಕೆರೆದುಕೊಂಡ. "ನಿನ್ ಮಹಡಿ ಬಾಡಿಗೆದಾರ ಮುತ್ತಣ್ಣನೂ ವೈಫೈ ಆಕ್ಸವ್ನೆ. ಒಂದೇ ಕೊಟ್ಟಿಗೇಲಿ ಎರಡು ಹೋರಿ ಕಟ್ಟಿದ್ರೆ ಗುದ್ದಾಡ್ದೆ ಇರ್ತವಾ?"

ಚಿಕ್ಕಬೈರಪ್ಪ ಮೆಟ್ಟಿಲು ನಡುಗುವಂತೆ ಹತ್ತಿದ. ಮುತ್ತಣ್ಣ ಊಟಕ್ಕೆ ಕೂತಿದ್ದ.

"ಆಫ್ ಮಾಡೋ ನಿನ್ ಪೆಟ್ಟಿಗೆ!"

"ಬ್ಯಾಡ್ರಿ ಮಾಲಕ್ರ, ನಿಮಗ ತ್ರಾಸ ಆಗತೈತಿ..."

"ನಂಗೇ ಬುದ್ಧಿ ಹೇಳ್ತೀಯಾ?" ಅಂದವನೇ ವೈರು ಕಿತ್ತ.

ಕೆಳಗಿನಿಂದ ಬಂದ ಕಿರುಚಾಟಕ್ಕೆ ಕಾಡುಗೋಡಿ ಸ್ಟೇಷನ್ನಿನ ರೈಲೇ ಬೆಚ್ಚಿರಬೇಕು. ವೇಣಿ ಓಡಿ ಬಂದಳು.

"ಏನ್ಮಾಡಿದ್ರಿ ಮಾವ! ನಾನಿರೋದೇ ಮುತ್ತಣ್ಣನ ನೆಟ್ಟಲ್ಲಿ! ತೆಂಗಿನಕಾಯಿ ನೀರು ಕುಡಿದು ನಮ್ ಪೆಟ್ಟಿಗೆ ಪೂಜೆ ದಿನಾನೇ ಸತ್ತೋಯ್ತು, ಬರೀ ಲೈಟ್ ಉರೀತೈತೆ. ನೀವು ಬೇಜಾರ್ ಮಾಡ್ಕೋತೀರಾ ಅಂತ ಹೇಳ್ಲಿಲ್ಲ. ಪಾಪ, ಅಣ್ಣನೇ ಪಾಸ್‌ವರ್ಡ್ ಕೊಟ್ಟಿದ್ದು!"

ಕಳ್ಳನನ್ನು ಹುಡುಕುತ್ತಿದ್ದ ಚಿಕ್ಕಬೈರಪ್ಪ ಕಳ್ಳನ ಮನೆ ಯಜಮಾನನೇ ಆಗಿಬಿಟ್ಟಿದ್ದ. ಮುಖ ಹುಳ್ಳಗೆ ಮಾಡಿಕೊಂಡು ವೈರು ಚುಚ್ಚಿದ. ನೆಟ್ ಬಂತು. ವೇಣಿ ಮೀಟಿಂಗಿಗೆ ಓಡಿದಳು.

"ಪಾಪ, ಸುಸ್ತಾಗವ್ರೆ," ಅಂತ ಅಂಜನಮ್ಮ, ಕೆಳಗಿಳಿದು ಬಂದ ಗಂಡ ಕೇಳದಿದ್ದರೂ ಕಪ್ಪನ್ನು ಓವನ್ನಿನೊಳಗಿಟ್ಟಳು. ಗುರ್ರ್.

ವೇಣಿ ಹೊರಬಂದು ಓವನ್ನನ್ನೇ ದುರುಗುಟ್ಟಿ ನೋಡಿದಳು. "ಅತ್ತೆ, ಇದು ತಿರುಗ್ದಾಗ್ಲೆಲ್ಲ ನೆಟ್ ಸಾಯ್ತೈತೆ!" ಅಷ್ಟರಲ್ಲಿ ಮ್ಯಾನೇಜರಿನ ಫೋನ್ ಬಂತು.

ಮರುದಿನ ವೇಣಿ ಮಹದೇವಪುರದ ಆಫೀಸಿಗೆ ಹೋಗಲು ಬಸ್ಸು ಹತ್ತಿದಳು. ಚಿಕ್ಕಬೈರಪ್ಪನ ಹೆಗಲ ಮೇಲೊಂದು ಜೆಸಿಬಿ, ಮೀಸೆ ಹಿಡಿದು ನೇತಾಡುವುದು ಇನ್ನೊಂದು.

"ಅಂಜನೀ, ಇನ್ನೇನು ನೆಟ್ ಹೋಗೋ ಭಯ ಇಲ್ಲ. ಒಂದ್ ಬಿಸಿ ಕಾಫಿ ಕೊಡೇ..."

"ಮಕ್ಕಳು ಮೈಮೇಲಿರುವಾಗ ಬಿಸಿದಾ? ಸುಟ್ಕೊಂಡಾವು!" ಅಂತ ಅಂಜನಮ್ಮ ಕಪ್ಪನ್ನು ಫ್ಯಾನಿನ ಕೆಳಗೆ ಆರಲು ಇಟ್ಟಳು.