ಕಿಸೆಯೊಳಗಿನ ಮೈದುನನ ಮನೆ

"ಇನ್ನು ಮ್ಯಾಲ ಈ ಹನುಮಂತರಾಯ ಭೂಮಿ ಮ್ಯಾಲ ಯಾರನ್ನೂ ದಾರಿ ಕೇಳಂಗಿಲ್ಲ! ಕೇಳಿದ್ರ ಆಕಾಶನ್ನ ಕೇಳ್ತೀನಿ!"

ಸಿಂಧನೂರಿನ ತನ್ನ ಮನೆಯ ಪಡಸಾಲೆಯಲ್ಲಿ, ಬಲಗೈ ಮೇಲೆತ್ತಿ, ಹನುಮಂತರಾಯ ಈ ಘನಘೋರ ಪ್ರತಿಜ್ಞೆ ಮಾಡಿದಾಗ ಅದನ್ನು ಕೇಳಲು ಇದ್ದವಳು ಹೆಂಡತಿ ರೇಣುಕಾದೇವಿ ಒಬ್ಬಳೇ. ಅವಳು ಮೊರದಲ್ಲಿನ ಅಕ್ಕಿಯಿಂದ ಕಣ್ಣೆತ್ತದೆ ಹೇಳಿದಳು:

"ಆಕಾಶ ಏನ್ ಹೇಳ್ತೈತಿ? 'ಸೀದಾ ಮ್ಯಾಲ ಬಾ' ಅಂತೈತಿ. ಹೋಗ್ತೀರೇನು?"

ಪ್ರತಿಜ್ಞೆಗೆ ಕಾರಣವಿತ್ತು. ಹೋದ ವರ್ಷ ಕಾಲುವೆಯ ಆಚೆ, ನೀರಾವರಿ ಬಂದ ಮೇಲೆ ಎದ್ದ ಕ್ಯಾಂಪ್ ಊರೊಂದರಲ್ಲಿ ಸಂಬಂಧಿಕರ ಮದುವೆ. ಗಂಡ ಹೆಂಡತಿ ಬೈಕಿನಲ್ಲಿ ಹೊರಟು ದಾರಿಯಲ್ಲಿ ಹನ್ನೊಂದು ಜನರನ್ನು ಕೇಳಿದ್ದರು. ಒಬ್ಬ "ಬೇವಿನ ಗಿಡದ ಹತ್ರ ಹೊರಳ್ರಿ" ಅಂದ. ರಸ್ತೆ ಅಗಲ ಮಾಡುತ್ತೇವೆಂದು ಬಂದವರು ಆ ಗಿಡ ಕಡಿದು ಒಯ್ದು ಎರಡು ವರ್ಷವಾಗಿತ್ತು. ರಸ್ತೆ ಮಾತ್ರ ಇದ್ದಷ್ಟೇ ಇತ್ತು. ಇನ್ನೊಬ್ಬ "ಬೋರ್ಡ್ ಐತಿ ನೋಡ್ರಿ" ಅಂದ. ಬೋರ್ಡೂ ಇತ್ತು, ಅದರ ಮೇಲೆ ಯಾರೋ ಧುರೀಣರ ಹುಟ್ಟುಹಬ್ಬದ ಫ್ಲೆಕ್ಸೂ ಇತ್ತು. ಊರಿನ ಹೆಸರು ಬೇಕಾದವನು ಧುರೀಣರ ಹಲ್ಲು ಎಣಿಸಿಕೊಂಡು ಮುಂದೆ ಹೋಗಬೇಕು! ಅಂತೂ ಇವರು ಮುಟ್ಟುವಷ್ಟರಲ್ಲಿ ಅಕ್ಷತೆ ಬಿದ್ದು, ಊಟ ಮುಗಿದು, ಮದುಮಕ್ಕಳು ಜೀಪು ಹತ್ತಿದ್ದರು.

"ಮದುವಿಗೆ ಹೋಗಿದ್ರೇನವ್ವಾ ಅಂತ ಮಂದಿ ಕೇಳಿದ್ರ ಏನ್ ಹೇಳ್ಲಿ? ಹೂಂ, ಹಂದರ ಬಿಚ್ಚೋದು ನೋಡಿ ಬಂದ್ವಿ ಅನ್ಲೇನು?" ಎಂದು ರೇಣುಕಾದೇವಿ ವರ್ಷವಿಡೀ ಕೇಳಿದಳು. ಪ್ರತಿಜ್ಞೆ ಹುಟ್ಟಿದ್ದು ಅದರಿಂದ.

ಹನುಮಂತರಾಯ ಅಕ್ಕಿ ಗಿರಣಿಯೊಂದರ ವೇಬ್ರಿಡ್ಜಿನಲ್ಲಿ ಗುಮಾಸ್ತ. ಭತ್ತದ ಲಾರಿ ಬಂದು ನಿಲ್ಲಬೇಕು, ಪೆಟ್ಟಿಗೆಯಲ್ಲಿ ತೂಕದ ಕೆಂಪು ಅಂಕಿ ಹೊಳೆಯಬೇಕು, ಇವನು ಚೀಟಿ ಹರಿಯಬೇಕು. ಹನ್ನೆರಡು ವರ್ಷ ಕೆಂಪು ಅಂಕಿ ನೋಡಿ ನೋಡಿ ಅವನಿಗೊಂದು ಸಿದ್ಧಾಂತ ಗಟ್ಟಿಯಾಗಿತ್ತು: ಮನುಷ್ಯ ಸುಳ್ಳು ಹೇಳುತ್ತಾನೆ, ಅಂಕಿ ಹೇಳುವುದಿಲ್ಲ. ಅವನಪ್ಪ ಕುರಿ ಕಾದವನು. ಜೀವಮಾನದಲ್ಲಿ ಒಂದು ಅಂಕಿ ಬರೆದವನಲ್ಲ. ಇನ್ನೂರರಲ್ಲಿ ಒಂದು ಮರಿ ಕಡಿಮೆಯಾದರೆ ಹಿಂಡಿನ ಮೇಲೆ ಒಮ್ಮೆ ಕಣ್ಣಾಡಿಸಿ ಹೇಳುತ್ತಿದ್ದ. ಆದರೆ ಗಿರಣಿಯಲ್ಲಿ ಯಾರಾದರೂ "ನಿಮ್ಮಪ್ಪ ಏನ್ ಮಾಡ್ತಿದ್ರು?" ಅಂದರೆ ಹನುಮಂತರಾಯ ಗಂಟಲು ಸರಿಮಾಡಿಕೊಂಡು "ಪಶುಸಂಗೋಪನೆ" ಅನ್ನುತ್ತಿದ್ದ. ಕೇಳಿದವರು ಸರಕಾರಿ ಇಲಾಖೆ ಅಂದುಕೊಳ್ಳುತ್ತಿದ್ದರು. ಇವನು ತಿದ್ದುತ್ತಿರಲಿಲ್ಲ!

ಸರಿ, ಆಕಾಶವನ್ನು ಕೇಳಲು ಒಂದು ಯಂತ್ರ ಬೇಕಲ್ಲ? ಸಂಗನಬಸವನ ಮೊಬೈಲ್ ಅಂಗಡಿಯಲ್ಲಿ ಆಯ್ಕೆ ಶುರುವಾಯಿತು. ಶುರುವಾದದ್ದು ಬುಧವಾರ, ಮುಗಿದದ್ದು ಶನಿವಾರ. ಮೊದಲು ಒಂದು ಟ್ಯಾಬ್ ಬಂತು. ಹಲಗೆಯಷ್ಟು ದೊಡ್ಡದು. ಹನುಮಂತರಾಯ ಅದನ್ನು ನಡುಮಧ್ಯಾಹ್ನದ ಬಿಸಿಲಿಗೆ ಒಯ್ದು ಹಿಡಿದ. ನಕ್ಷೆಯ ಬದಲು ತನ್ನದೇ ಮೀಸೆ ಕಂಡಿತು. "ನನ್ನ ಮಾರಿ ನೋಡಾಕ ಮನ್ಯಾಗ ಕನ್ನಡಿ ಐತಿ, ನಡಿ" ಎಂದು ವಾಪಸ್ ಕೊಟ್ಟ. ಎರಡನೆಯದು ನೆಟ್‌ವರ್ಕ್ ಹೋದ ಕೂಡಲೇ ಕೈಕಾಲು ಬಿಡುವಂಥದು. ಅದೂ ಬೇಡ. ಕೊನೆಗೆ ಸಂಗನಬಸವ ಒಳಗಿನ ಕಪಾಟಿನಿಂದ ಇಟ್ಟಿಗೆಯಂಥದೊಂದನ್ನು ತಂದಿಟ್ಟ.

"ಸರ್ವೇದವರು ಹಿಡಕೊಳ್ಳೋ ಮಾಲು, ಸಾಹೇಬ್ರ. ಕೈಯಾಗ ಹಿಡಿಯೋ ಕಂಪ್ಯೂಟರ್ ಅಂದ್ರ ಇದು. ನೆಟ್‌ವರ್ಕ್ ಬ್ಯಾಡ, ಸಿಮ್ ಬ್ಯಾಡ. ಸೀದಾ ಉಪಗ್ರಹದ ಜೋಡಿ ಸಂಬಂಧ. ಮೂರು ಮೀಟರ್ ಹೆಚ್ಚುಕಡಿಮಿ ಆದ್ರ ಆತು, ಅಷ್ಟ."

"ಮೂರು ಮೀಟರ್ ಯಾಕ ಹೆಚ್ಚುಕಡಿಮಿ?"

"ಉಪಗ್ರಹ ಇಪ್ಪತ್ತು ಸಾವಿರ ಕಿಲೋಮೀಟರ್ ಮ್ಯಾಲ ಐತ್ರೀ! ನೀವು ಕಟ್ಟಿ ಮ್ಯಾಲ ಕುಂತು ಎಲಿ ಅಡಿಕಿ ಉಗುಳಿದ್ರ ಗಟಾರಕ್ಕ ಬೀಳ್ತೈತೇನು, ಮೊದಲು ಅದನ್ನ ಹೇಳ್ರಿ!"

"ಬಿದ್ರ ಒಡೀತೈತೇನು?"

"ಆರಡಿ ಮ್ಯಾಲಿಂದ ಬಿದ್ರೂ ಏನಾಗಂಗಿಲ್ಲ."

"ಹಂಗಾರ ಕೆಡವು ನೋಡೂಣು."

"ತಗೊಂಡ ಮ್ಯಾಲ ನೀವೇ ಕೆಡವ್ರಿ, ಸಾಹೇಬ್ರ" ಅಂದ ಸಂಗನಬಸವ, ಯಂತ್ರವನ್ನು ಎದೆಗವಚಿಕೊಂಡು.

ಬೆಲೆ ಕೇಳಬೇಡಿ. ರೇಣುಕಾದೇವಿಯೂ ಕೇಳಿದ್ದಾಳೆ, ಅವಳಿಗೇ ಇನ್ನೂ ಉತ್ತರ ಸಿಕ್ಕಿಲ್ಲ. ಅವಳು ಅಂದದ್ದು ಇಷ್ಟು: "ಒಂದು ಡಬ್ಬಿಗೆ ನಾಕು ದಿನ! ನನ್ನ ನೋಡಾಕ ಬಂದಾಗ ಒಂದು ಪ್ಲೇಟ್ ಉಪ್ಪಿಟ್ಟು ಮುಗಿಯೂದ್ರಾಗ ಹೂಂ ಅಂದಿದ್ರಿ!"

ಯಂತ್ರ ಬಂದ ವಾರದಲ್ಲೇ ಅದಕ್ಕೊಂದು ಕೆಲಸವೂ ಸಿಕ್ಕಿತು. ರೇಣುಕಾದೇವಿಯ ತಮ್ಮ ಮಾಳಿಂಗರಾಯ ಮುನ್ನೂರು ಕುರಿಗಳ ಒಡೆಯ. ಲಿಂಗಸುಗೂರಿನ ಆಚೆ, ಒಂದು ಗುಡ್ಡದ ಬುಡದ ಹೊಲದಲ್ಲಿ ಬೀಡುಬಿಟ್ಟಿದ್ದವನು ಅಕ್ಕನ ಮಗನಿಗೆ ಕಂಬಳಿ ಕೊಡುತ್ತೇನೆಂದು ಕರೆದಿದ್ದ. ಅವನು ಫೋನಿನಲ್ಲಿ ಎಡ ಬಲ ಹೇಳುತ್ತ ಕರೆಸಿಕೊಂಡ. ಹನುಮಂತರಾಯ ಹೊಲದ ನಡುವೆ ನಿಂತು ಗುಂಡಿ ಒತ್ತಿದ. ಪರದೆಯ ಮೇಲೆ ಒಂದು ಧ್ವಜ ಮೂಡಿತು. ಕೆಳಗೆ ಹೆಸರು ಬರೆದ: "ಮೈದುನನ ಮನಿ."

"ಇದನ್ಯಾಕ ಬರ್ಕೋತಿ ಮಾಮಾ?" ಎಂದು ಮಾಳಿಂಗರಾಯ ನಕ್ಕಿದ್ದ.

"ಇನ್ನು ಮ್ಯಾಲ ನಿನ್ನ ಮನಿ ನನ್ನ ಕಿಸೇದಾಗ ಐತಿ, ಅಳಿಯಾ! ಯಾರನ್ನೂ ಕೇಳೋ ಹಂಗಿಲ್ಲ!"

ಇದಾಗಿ ಎರಡು ತಿಂಗಳಿಗೆ ಮಗನ ಜವಳ ಬಂತು. ಹುಟ್ಟುಗೂದಲು ತೆಗೆಸುವುದೆಂದರೆ ಇವರ ಮನೆಯಲ್ಲಿ ಒಂದೇ ಕಟ್ಟಳೆ: ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಕತ್ತರಿ ಅವನೇ ಆಡಿಸಬೇಕು. ಮಾವನಿಲ್ಲದೆ ಒಂದು ಎಳೆಯೂ ಬೀಳುವಂತಿಲ್ಲ. ಸೋಮವಾರ ಗೊತ್ತಾಗಿತ್ತು. ಅದು ತಪ್ಪಿದರೆ ಆಷಾಢ, ಆಷಾಢ ಕಳೆಯುವುದರಲ್ಲಿ ಮಗುವಿಗೆ ನಾಲ್ಕನೇ ವರ್ಷ, ಸಮ ವರ್ಷದಲ್ಲಿ ಜವಳ ಕೂಡದು. ಐದರವರೆಗೆ ಕಾಯಬೇಕು! ಈಗಲೇ ಓಣಿಯವರು ಎರಡು ಜಡೆಯ ಹುಡುಗನನ್ನು "ಏನವ್ವಾ ನಿನ್ನ ಹೆಸರು?" ಅನ್ನುತ್ತಿದ್ದರು. ಹುಡುಗ ಉತ್ತರ ಕೊಡುವ ಬದಲು ಕಚ್ಚುತ್ತಿದ್ದ.

ಮಾಳಿಂಗರಾಯನ ಫೋನ್ ಹದಿನೈದು ದಿನದಿಂದ ಸತ್ತಿತ್ತು.

"ಬರ್ತಾನ ಬಿಡ್ರಿ" ಅಂದಳು ರೇಣುಕಾದೇವಿ. "ಬಳಿ ಮಾರೋ ಖಾಸಿಂಬೀ ಕೈಯಾಗ ಹೇಳಿ ಕಳಿಸೀನಿ. ಆಕಿ ಎಲ್ಲಾ ಸಂತಿ ತಿರುಗ್ತಾಳ."

ಹನುಮಂತರಾಯ ಅವಳನ್ನು ಮೇಲೆ ಕೆಳಗೆ ನೋಡಿ ನಕ್ಕ. "ಮಗನ ಜವಳ ಬಳಿ ಬುಟ್ಟಿ ನಂಬ್ಕೊಂಡು ಕುಂದ್ರೂದೇನು? ಉಪಗ್ರಹ ಇರೋದ್ಯಾಕ? ರವಿವಾರ ಮುಂಜಾನಿ ಹೋಗಿ, ಸಂಜಿ ಅನ್ನೂದ್ರಾಗ ನಿನ್ನ ತಮ್ಮನ್ನ ಬೈಕಿನ ಹಿಂದ ಕುಂದ್ರಿಸ್ಕೊಂಡು ಬರ್ತೀನಿ. ತರದಿದ್ರ ನನ್ನ ಹೆಸರು ಹನುಮಂತರಾಯನ ಅಲ್ಲ!"

"ಸಂಜೀವಿನಿ ಗುಡ್ಡ ತರಾಕ ಹೊಂಟಂಗ ಹೊಂಟೀರಿ. ಎಲ್ಯಾರ ಹೊಲಾನ ಕಿತ್ಕೊಂಡು ಬಂದೀರಿ!"

ರವಿವಾರ ಬೆಳಿಗ್ಗೆ ಹನುಮಂತರಾಯ ಹೆಲ್ಮೆಟ್ ಏರಿಸಿ, ಯಂತ್ರವನ್ನು ಹ್ಯಾಂಡಲಿಗೆ ಬಿಗಿದು, ದಂಡಯಾತ್ರೆ ಹೊರಟ. ಪರದೆಯ ಮೇಲೆ ನೀಲಿ ಬಾಣ, ಬಾಣದ ತುದಿಗೆ ದೂರದಲ್ಲಿ "ಮೈದುನನ ಮನಿ". ಒಳಗಿನಿಂದ ಒಬ್ಬ ಹೆಣ್ಣುಮಗಳು ಪುಸ್ತಕ ಓದಿದಂತೆ ಹೇಳುತ್ತಿದ್ದಳು: "ನೇರವಾಗಿ ಮುಂದುವರಿಯಿರಿ." ಹನುಮಂತರಾಯ ಮುಂದುವರಿದ. ಕಣ್ಣು ಅರ್ಧ ರಸ್ತೆಯ ಮೇಲೆ, ಒಂದೂವರೆ ಬಾಣದ ಮೇಲೆ!

ಮಸ್ಕಿ ರಸ್ತೆಯಲ್ಲಿ ಏಳೆಂಟು ಕಿಲೋಮೀಟರ್ ಹೋಗಿರಬೇಕು, ಬಾಣ ನಿಂತಿತು. ಯಾಕೆಂದರೆ ಬೈಕು ನಿಂತಿತ್ತು. ಯಾಕೆಂದರೆ ರಸ್ತೆಯ ತುಂಬ ಕುರಿ! ಉಪಗ್ರಹ ನೇರ ಹೋಗು ಅನ್ನುತ್ತಿದೆ, ಮುಂದೆ ಉಣ್ಣೆಯ ಕಾಲುವೆ ಹರಿಯುತ್ತಿದೆ. ಹನುಮಂತರಾಯ ಹಾರನ್ ಒತ್ತಿದ ಕೈ ತೆಗೆಯಲಿಲ್ಲ.

"ಏಯ್! ಬದಿಗಿ ಹೊಡಿಯಲೇ, ಕುರಿ ಕಾಯೋನ! ರಸ್ತಾ ಏನು ನಿಮ್ಮಪ್ಪಂದೇನು? ಬುದ್ಧಿ ಇಲ್ಲದ ಮಂದಿ! ಕುರಿ ಜೋಡಿ ಇದ್ದು ಇದ್ದು ಕುರಿನ ಆಗ್ಯಾರ!"

ಹಿಂಡಿನ ಆಚೆ ಕಂಬಳಿ ಹೊದ್ದವನೊಬ್ಬ ಕೋಲು ಎತ್ತಿ ಏನೋ ಕೂಗಿದ. ಸರಿಯಾಗಿ ಆಗಲೇ ಯಂತ್ರದೊಳಗಿನವಳು "ನೇರವಾಗಿ ಮುಂದುವರಿಯಿರಿ" ಅಂದಳು. ಕುರಿಗಳು ಸರಿದು ಒಂದು ಸಂದು ಬಿಟ್ಟವು. ಹನುಮಂತರಾಯ ಅತ್ತ ತಿರುಗದೆ ನುಗ್ಗಿದ. ಅವನು ಅಂದ ಆ ಕೊನೆಯ ಮಾತನ್ನು ಮೂವತ್ತು ವರ್ಷದ ಹಿಂದೆ ಇದೇ ರಸ್ತೆಯಲ್ಲಿ ಒಬ್ಬ ಜೀಪಿನವನು ಅವನಪ್ಪನಿಗೆ ಅಂದಿದ್ದ. ಅಂದು ಅಪ್ಪನ ಕಂಬಳಿಯ ಚುಂಗು ಹಿಡಿದು ನಿಂತಿದ್ದವನು ಇವನೇ. ಕೆಲವರಿಗೆ ಹೆಲ್ಮೆಟ್ ಹಾಕಿಕೊಂಡರೆ ಇಂಥವೆಲ್ಲ ನೆನಪಾಗುವುದಿಲ್ಲ.

ಮಸ್ಕಿ ದಾಟಿತು, ಲಿಂಗಸುಗೂರು ದಾಟಿತು, ಗುಡ್ಡ ಬಂತು. ಬಂಡಿದಾರಿ ಹಿಡಿದು ಹೊಲದ ನಡುವೆ ಬಂದಾಗ ಯಂತ್ರ ಮಂಗಳವಾದ್ಯದಂತೆ ಒಂದು ಸದ್ದು ಮಾಡಿ ಘೋಷಿಸಿತು:

"ನೀವು ನಿಮ್ಮ ಗಮ್ಯಸ್ಥಾನವನ್ನು ತಲುಪಿದ್ದೀರಿ."

ಹನುಮಂತರಾಯ ಹೆಲ್ಮೆಟ್ ತೆಗೆದು ನೋಡಿದ. ಖಾಲಿ ಹೊಲ. ಮೂರು ಒಲೆಕಲ್ಲು. ಮತ್ತು ಹೊಲದ ತುಂಬ ಒಣಗಿದ ಕುರಿಹಿಕ್ಕೆ!

ಅವನು ಯಂತ್ರ ಹಿಡಿದು ಮೂರು ಹೆಜ್ಜೆ ಮೂಡಣಕ್ಕೆ ಹೋದ. ಹಿಕ್ಕೆ. ಮೂರು ಹೆಜ್ಜೆ ಪಡುವಣಕ್ಕೆ. ಹಿಕ್ಕೆ. ಯಂತ್ರ ಆರಿಸಿ ಮತ್ತೆ ಹೊತ್ತಿಸಿದ. "ತಲುಪಿದ್ದೀರಿ" ಅಂತು. ಸಂಗನಬಸವ ಸುಳ್ಳು ಹೇಳಿರಲಿಲ್ಲ. ಉಪಗ್ರಹ ಒಂದು ಮೀಟರೂ ತಪ್ಪಿರಲಿಲ್ಲ. ತಪ್ಪಿದ್ದು ಇಷ್ಟೇ: ಬೇಸಿಗೆಯಲ್ಲಿ ಹೊಲದವರು ಗೊಬ್ಬರಕ್ಕೆಂದು ಕುರಿಹಿಂಡು ಕರೆದು ತಮ್ಮ ಹೊಲದಲ್ಲಿ ಎರಡು ರಾತ್ರಿ ನಿಲ್ಲಿಸಿಕೊಳ್ಳುತ್ತಾರೆ, ಮೂರನೇ ದಿನ ಹಿಂಡು ಮುಂದಿನ ಹೊಲಕ್ಕೆ. ಕುರಿಗಾರರ ಮನೆಯಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಕುರಿಗಾರನ ಮನೆಗೆ ಧ್ವಜ ನೆಟ್ಟು ಎರಡು ತಿಂಗಳು ಕಿಸೆಯಲ್ಲಿಟ್ಟುಕೊಂಡು ತಿರುಗಿದ ಪ್ರಚಂಡ ಇಡೀ ಜಿಲ್ಲೆಗೆ ಒಬ್ಬನೇ, ಅವನೂ ಕುರಿಗಾರನ ಮಗ!

ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರಿನವನೊಬ್ಬ ಇದ್ದ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಪ್ರತಿಜ್ಞೆ! ಹನುಮಂತರಾಯ ಹಲ್ಲು ಕಚ್ಚಿ, ತಾನೇ ಹುಡುಕುತ್ತೇನೆಂದು ಹೊರಟ. ನಾಲ್ಕು ತಾಸಿನಲ್ಲಿ ಒಂಬತ್ತು ಹೊಲ ಕಂಡ. ಎಲ್ಲ ಕಡೆ ಹಿಕ್ಕೆ ಸಿಕ್ಕಿತು, ಮೈದುನ ಸಿಗಲಿಲ್ಲ. ಬಿಸಿಲಿಗೆ ತಲೆ ಕಾದು, ಕಣ್ಣ ಮುಂದೆ ಎರಡು ಜಡೆ ಕುಣಿಯತೊಡಗಿದವು. ಶಾಲೆಗೆ ಸೇರಿಸುವಾಗಲೂ ಜಡೆ! ಕಚ್ಚಿಸಿಕೊಳ್ಳುವ ಮಾಸ್ತರು!

ಮಧ್ಯಾಹ್ನ ಇಳಿಯುವಾಗ ಸೋತು ಮಸ್ಕಿಗೆ ಬಂದರೆ, ಬಸ್ ನಿಲ್ದಾಣದ ನೆರಳಲ್ಲಿ ಬಳೆಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು ಖಾಸಿಂಬೀ.

"ಅರೆ, ಹನುಮಂತರಾಯಪ್ಪ! ನಾಳಿ ಮಗಂದು ಜವಳ, ಇಲ್ಲೇನ್ ಮಾಡಾಕತ್ತೀ?"

"ಹಿಂಗ... ಗಾಳಿ ತಗೊಳ್ಳಾಕ ಬಂದಿದ್ದೆ."

"ಈ ಬಿಸಿಲಾಗ? ಯಾ ಅಲ್ಲಾ! ಮಾರಿ ನೋಡ್ಕೋ, ಸುಟ್ಟ ಬದನಿಕಾಯಿ ಆಗೈತಿ."

ಹನುಮಂತರಾಯ ಅತ್ತ ನೋಡಿದ, ಇತ್ತ ನೋಡಿದ. ಹ್ಯಾಂಡಲಿನ ಮೇಲಿದ್ದ ಯಂತ್ರಕ್ಕೆ ಕೇಳಿಸದ ಹಾಗೆ ದನಿ ತಗ್ಗಿಸಿದ. "ಖಾಸಿಂಬೀ... ನಮ್ಮ ಮಾಳಿಂಗರಾಯ ಎಲ್ಲಿ ಅದಾನಂತ... ನಿನಗೇನರ ಗೊತ್ತೈತೇನು?"

ಹೀಗೆ ಪ್ರತಿಜ್ಞೆ ಮಸ್ಕಿಯಲ್ಲಿ ಮಣ್ಣಾಯಿತು.

"ಗೊತ್ತಿಲ್ದೇನು! ನಿನ್ನ ಹೇಣ್ತಿ ಹೇಳಿದ್ದನ್ನ ಲಿಂಗಸುಗೂರು ಸಂತ್ಯಾಗ ನಾನ ಮುಟ್ಟಿಸೀನಿ. ಅಕ್ಕನ ಮಗನ ಜವಳ ಅಂತ ಹಿಂಡು ಹೊಡ್ಕೊಂಡು ಮೂರು ದಿನದ ಹಿಂದ ಇಲ್ಲಿಂದ ಸಿಂಧನೂರು ಕಡೆ ಹೋದ. ಯಾಕ, ದಾರ್ಯಾಗ ಸಿಗಲಿಲ್ಲೇನು? ಇರೋದು ಒಂದ ರಸ್ತಾ!"

ಮುಂಜಾನೆಯ ಆ ಕಂಬಳಿ, ಎತ್ತಿದ ಆ ಕೋಲು ಒಂದೊಂದಾಗಿ ಹನುಮಂತರಾಯನ ಕಣ್ಣಿಗೆ ಬಂದವು. ಅವನು ಯಂತ್ರ ಆರಿಸಿದ. ಮಸ್ಕಿಯಿಂದ ಸಿಂಧನೂರಿನವರೆಗೆ ಒಮ್ಮೆಯೂ ಹಾರನ್ ಒತ್ತಲಿಲ್ಲ. ಎದುರು ಎಮ್ಮೆ ಬಂದರೂ ತಾನೇ ಇಳಿದು ದಾರಿ ಬಿಟ್ಟ.

ಮನೆಯ ಹಿಂದಿನ ಖಾಲಿ ಜಾಗದ ತುಂಬ ಕುರಿ. ಪಡಸಾಲೆಯಲ್ಲಿ ಮಾಳಿಂಗರಾಯ ಚಹಾ ಕುಡಿಯುತ್ತಿದ್ದ. ತೊಡೆಯ ಮೇಲೆ ಎರಡು ಜಡೆಯ ಹುಡುಗ. ಹನುಮಂತರಾಯ ಹೊಸ್ತಿಲಲ್ಲೇ ನಿಂತ.

"ಬರ್ರಿ, ಬರ್ರಿ!" ಅಂದಳು ರೇಣುಕಾದೇವಿ. "ಎಲ್ಲಿ, ಬೈಕಿನ ಹಿಂದ ಯಾರೂ ಕಾಣವಲ್ರು? ಏನೋ ತಮ್ಮಾ, ನಿಮ್ಮ ಮಾಮಾ ದಾರ್ಯಾಗ ನಿನಗ ಸಿಗಲೇ ಇಲ್ಲೇನು?"

ಮಾಳಿಂಗರಾಯ ಬಸಿಯಲ್ಲಿದ್ದ ಚಹಾ ನಿಧಾನಕ್ಕೆ ಊದಿದ.

"ಇಲ್ಲಕ್ಕಾ, ಮಾಮಾ ಸಿಗಲಿಲ್ಲ. ಯಾರೋ ಒಬ್ರು ಸಾಹೇಬ್ರು ಸಿಕ್ಕಿದ್ರು. ಭಾಳ ಅರ್ಜಂಟ್ ಇತ್ತು, ಪಾಪ."

ಅಷ್ಟೇ. ಬೈದಿದ್ದರೆ ಹನುಮಂತರಾಯ ತಿರುಗಿ ಬೈಯಬಹುದಿತ್ತು. ಈ "ಪಾಪ"ವನ್ನು ಬೈಯುವುದು ಹೇಗೆ? ಹೆಂಡತಿ ತಂದಿಟ್ಟ ಕುದಿಯುವ ಚಹಾವನ್ನು ಒಂದೇ ಗುಟುಕಿಗೆ ನುಂಗಿ, ಕಣ್ಣೀರು ಬಂದದ್ದು ಬಿಸಿಗೆ ಎಂದು ತೋರಿಸಿಕೊಂಡ.

ಸೋಮವಾರ ಸೋದರಮಾವನ ತೊಡೆಯ ಮೇಲೆ ಜವಳವಾಯಿತು. ಜಡೆ ಬಿದ್ದವು, ಕ್ಷೌರ ಮಾಡಿದವನಿಗೆ ಎರಡು ಕಡೆ ಹಲ್ಲಿನ ಗುರುತಾಯಿತು. ಊಟವಾದ ಮೇಲೆ ಹನುಮಂತರಾಯ ಯಂತ್ರವನ್ನು ತಂದು ಮೈದುನನ ಮುಂದಿಟ್ಟ.

"ಅಳಿಯಾ, ಇದನ್ನ ನೀ ಒಯ್ಯಿ. ನಿನ್ನ ಮುಂದಾಳು ಟಗರಿನ ಕೊರಳಿಗೆ ಕಟ್ಟು."

"ಕಟ್ಟಿದ್ರ ನಾವು ಎಲ್ಲಿ ಅದೀವಿ ಅಂತ ನಿನಗ ಇಲ್ಲಿ ಗೊತ್ತಾಕ್ಕೈತೇನು ಮಾಮಾ?"

ಹನುಮಂತರಾಯ ತಲೆ ಕೆರೆದುಕೊಂಡ. ಸಿಮ್ ಇಲ್ಲ, ನೆಟ್‌ವರ್ಕ್ ಇಲ್ಲ; ನಾಲ್ಕು ದಿನ ಕೂತು ಆರಿಸಿದ ಗುಣಗಳೇ ಅವು! "ಇಲ್ಲ... ಇದು ಹಿಡಕೊಂಡಾಂವಗ ಅಷ್ಟ, ಅಂವ ಎಲ್ಲಿ ಅದಾನಂತ ಹೇಳ್ತೈತಿ."

ಮಾಳಿಂಗರಾಯ ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ, ಜೋಪಾನವಾಗಿ ಮಾಮನ ಕಿಸೆಗೇ ಇಳಿಸಿದ.

"ಹಂಗಾರ ನಿನ್ನ ಹತ್ರನ ಇರ್ಲಿ ಮಾಮಾ. ಟಗರಿಗೆ ತಾ ಎಲ್ಲೈತಿ ಅಂತ ಗೊತ್ತೈತಿ."