ಮೊದಲು ನನ್ನ ಚಿತ್ರ ತೆಗೀರಿ!

ನಮ್ಮ ಅತ್ತೆಯ ಕಣ್ಣಿಗೆ ಖಾಲಿ ಗೋಡೆ ಬೀಳಬಾರದು, ಸುಮ್ಮನೆ ಕೂತ ಮುದುಕರಂತೂ ಬೀಳಲೇಬಾರದು! ಯಲ್ಲಾಪುರದ ಕಡೆ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು, ಅಪ್ಪನ ತಂಗಿ. ನಮ್ಮ ಫ್ರಿಜ್ಜಿನ ಮೇಲೆ ಅವರು ಬಿಡಿಸಿದ ನವಿಲಿದೆ. ಗ್ಯಾಸ್ ಸಿಲಿಂಡರ್ ಬಚಾವಾದದ್ದು ಅದು ವಾಪಸ್ ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ.

ಆದರೆ ಕೈ ನಡುಗಲು ಶುರುವಾದ ಮೇಲೆ ಅತ್ತೆ ಪೆನ್ಸಿಲ್ ಮುಟ್ಟಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿಲ್ಲ. ತಾವು ಬರೆಯದಿದ್ದರೇನು, ಊರವರಿಂದ ಬರೆಸುವುದಕ್ಕೆ ಯಾರ ಅಪ್ಪಣೆ ಬೇಕು? ಶಿರಸಿಯ ಅಂಚಿನಲ್ಲಿ ಸರ್ಕಾರ ಕಟ್ಟಿಸಿಕೊಟ್ಟ ಆಶ್ರಯ ಮನೆಗಳಲ್ಲಿರುವ ಅಜ್ಜ-ಅಜ್ಜಿಯರಿಗೆ ವಾರಕ್ಕೊಮ್ಮೆ ಕಲೆ ಕಲಿಸುವುದೆಂದು ತೀರ್ಮಾನವಾಯಿತು. ತೀರ್ಮಾನ ಅವರದು, ಕಾರು ನನ್ನದು, ಪೆಟ್ರೋಲೂ ನನ್ನದೇ!

"ಗುರುವಾರ ಚಿತ್ರ ತೆಗೆಯುವುದಿದೆ, ಎಲ್ಲರೂ ಬನ್ನಿ" ಎಂದು ಅತ್ತೆ ಮನೆಮನೆಗೆ ಹೇಳಿ ಬಂದರು. ನಮ್ಮ ಕಡೆ ಚಿತ್ರ ಬರೆಯುವುದಕ್ಕೂ ತೆಗೆಯುವುದು ಅಂತಾರೆ, ಫೋಟೋ ಹೊಡೆಯುವುದಕ್ಕೂ ತೆಗೆಯುವುದೇ. ಗುರುವಾರ ಹೋಗಿ ನೋಡಿದರೆ ಏನು ಹೇಳಲಿ! ಅಜ್ಜಿಯರೆಲ್ಲ ಪೆಟ್ಟಿಗೆಯ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ, ಸಾಲಾಗಿ ಕೂತಿದ್ದಾರೆ. ಒಬ್ಬ ಅಜ್ಜ ಯಾರದೋ ಕೋಟು ಹಾಕಿಕೊಂಡು ಆಧಾರ್ ಕಾರ್ಡು ಹಿಡಿದು, "ಪಿಂಚಣಿಗಾ, ಅಲ್ಲ ರೇಷನ್ನಿಗಾ?" ಎಂದು ಕೇಳಿದ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆಗೆ? "ಜನ ಬಂದ್ವಲಾ, ಅಡ್ಡಿಲ್ಲೆ!" ಅಡ್ಡಿಯಿಲ್ಲ ಎಂಬ ಈ ಒಂದು ಮಾತು ಹಿಡಿದುಕೊಂಡು ಅತ್ತೆ ನನ್ನ ಅರ್ಧ ಆಯುಷ್ಯ ತಿಂದಿದ್ದಾರೆ.

ಮುಂದಿನ ಸಲ ಗೊಂಬೆ ಮಾಡಿಸುವುದಕ್ಕೆ ಜೇಡಿಮಣ್ಣು ಹೊತ್ತೆವು. ಬುಟ್ಟಿ ಅಲ್ಲೇ ಬಿಟ್ಟು ಬಂದೆವು. ಮರುವಾರ ನೋಡಿದರೆ ಒಂದು ಗೊಂಬೆಯೂ ಇಲ್ಲ, ಮಣ್ಣೂ ಇಲ್ಲ! ಕೋಟಿನ ಅಜ್ಜ ಹೊಸಿಲಿನ ಸಂದಿ ಮೆತ್ತಿದ್ದ, ಇನ್ನೊಬ್ಬರ ಹಿತ್ತಿಲಲ್ಲಿ ಹೊಸ ಒಲೆ ಉರಿಯುತ್ತಿತ್ತು. "ಉಪಯೋಗಕ್ಕೆ ಬಂತಲಾ, ಅಡ್ಡಿಲ್ಲೆ." ನನ್ನ ಕಾರಿನ ಸೀಟಿನ ಮಣ್ಣು ಮಾತ್ರ ಯಾವ ಉಪಯೋಗಕ್ಕೂ ಬರದೆ ಇನ್ನೂ ಅಲ್ಲೇ ಇದೆ.

ಇಷ್ಟಾದರೂ ಕ್ರಮೇಣ ಎಲ್ಲರೂ ಬರೆಯತೊಡಗಿದರು, ದಾಸನಕೊಪ್ಪದ ಕಡೆಯ ಅಜ್ಜಿಯೊಬ್ಬಳನ್ನು ಬಿಟ್ಟು. ಪ್ರತಿ ವಾರ ಅದೇ ಹಸಿರು ಸೀರೆ, ಅದೇ ಮುಂದಿನ ಜಾಗ.

"ಮೊದ್ಲ ನನ್ನ ಚಿತ್ರ ತೆಗೀರಿ ಅಕ್ಕೋರೆ."

"ನೀವೇ ತೆಗೀರಿ ಮಾರಾಯ್ರೆ, ಬರ್ತದೆ."

"ತೆಗೀತೀನಿ ಅಂತ ಹೇಳಿದವರು ಯಾರು? ನಾನೋ, ನೀವೋ?"

ನಾನು ಜಗಳ ಮುಗಿಸಲು ಮೊಬೈಲ್ ಎತ್ತಿದೆ. ಅಜ್ಜಿ ಗದರಿದಳು: "ನಿಮಗ್ಯಾರ್ ಹೇಳಿದ್ರು? ಅಕ್ಕೋರು ಮಾತು ಕೊಟ್ಟಾರ, ಅಕ್ಕೋರೇ ತೆಗೀಬೇಕು." ಅತ್ತೆ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಹಟಕ್ಕೆ ಹಟ! ನಡುವೆ ನಾನು, ಬಿಸಿಲಲ್ಲಿ.

ಕಳೆದ ಗುರುವಾರ ಅಜ್ಜಿ ಕಡ್ಡಿ ಮುರಿದ ಹಾಗೆ ಹೇಳಿದಳು: "ಇವತ್ತೂ ತೆಗೀಲಿಲ್ಲಂದ್ರ ನಾ ಇನ್ನ ಬರಂಗಿಲ್ರಿ."

ಅತ್ತೆ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದರು. ಆಮೇಲೆ ಪೆನ್ಸಿಲ್ ತೆಗೆದುಕೊಂಡರು. ಕೈ ನಡುಗಿತು, ಗೆರೆಯೂ ನಡುಗಿತು. ಬೆವರಿಳಿಸಿಕೊಂಡು ಮುಗಿಸಿದಾಗ ಕಾಗದದ ಮೇಲಿದ್ದದ್ದು ಮುಖವೋ ಹಲಸಿನಕಾಯಿಯೋ, ನನಗಂತೂ ತಿಳಿಯಲಿಲ್ಲ. ನಗಬೇಕಾದ ನನಗೆ ನಗು ಬರಲಿಲ್ಲ.

ಅಜ್ಜಿ ಹತ್ತಿರ ಹಿಡಿದು ನೋಡಿದಳು. "ಮೂಗುಬೊಟ್ಟು ಎಲ್ಲೈತ್ರಿ?"

"ನಿಮ್ಮ ಮೂಗಲ್ಲೇ ಇಲ್ಲವಲ್ಲ!"

"ಈಗ ಇಲ್ಲ. ಇತ್ತು. ಕೊಡ್ರಿ ಇಲ್ಲಿ."

ಪೆನ್ಸಿಲ್ ಕಸಿದುಕೊಂಡು ಅಜ್ಜಿ ಮೊದಲ ಸಲ ಕಾಗದ ಮುಟ್ಟಿದಳು. ಅವಳ ಕೈಯೂ ನಡುಗಿತು. ಮೂಗಿಗೆ ಹೋಗಬೇಕಾದ ಬೊಟ್ಟು ಕೆನ್ನೆಗೆ ಹೋಗಿ ಕೂತಿತು. ಇಬ್ಬರೂ ಅದನ್ನೇ ನೋಡಿದರು. ಅಜ್ಜಿ ಬಾಯ್ತುಂಬ ನಕ್ಕು ಅತ್ತೆಯ ಬಲಗೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು.

"ನಮ್ಮಿಬ್ಬರದೂ ಒಂದ ನಮೂನಿ ಕೈ ಐತಿ ನೋಡ್ರಿ ಅಕ್ಕೋರೆ!"

ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ.

ಉಸಿರು ಬಿಡದೆ ಮಾತಾಡುವ ಹೆಂಗಸು ಕಾರಿನಲ್ಲಿ ದಾರಿಯುದ್ದಕ್ಕೂ ತಮ್ಮ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನನಗೆ ಹೆದರಿಕೆಯೇ ಆಯಿತು. ಮನೆ ಹತ್ತಿರ ಬಂದಾಗ ಮೆಲ್ಲಗೆ ಅಂದರು, "ತಮಾ, ಒಂದು ಪೆನ್ಸಿಲ್ ಬೇಕಿತ್ತು."

"ಯಾರಿಗೆ ಅತ್ತೆ?"

"ಯಂಗೆ." ಅಂದರೆ ಅವರಿಗೇ!

ಏನೇನೋ ಹೇಳಬೇಕು ಅನ್ನಿಸಿತು. ಬಾಯಿಗೆ ಬಂದದ್ದು ಅವರದೇ ಆ ಹಾಳು ಮಾತು.

"ಅಡ್ಡಿಲ್ಲೆ" ಅಂದೆ.