ಕ್ಲಾರಿಯ ಕನ್ನಡಿ ಮತ್ತು ನಾಲ್ಕು ಬಿಳಿ ಉಡುಪು

"ಮಂಗಳ ಗ್ರಹ ಭೂಮಿಗೆ ಹತ್ತಿರ ಬರ್ತಿದೆ. ಅದನ್ನ ಅಂಗಡೀಲಿ ಕೊಂಡ ಟೆಲಿಸ್ಕೋಪಲ್ಲಿ ಯಾರು ಬೇಕಾದ್ರೂ ನೋಡ್ತಾರೆ. ನಾನು ನನ್ನ ಕೈಯಾರೆ ಉಜ್ಜಿದ ಕನ್ನಡೀಲೇ ನೋಡ್ತೀನಿ!" ಎಂದು ಕ್ಲಾರಿ ಟಿಬೆಟ್ ತಿಂಡಿಯ ಮೇಜನ್ನು ಗುದ್ದಿ ಸಾರಿದ. ಗುದ್ದಿದ ರಭಸಕ್ಕೆ ಚಹಾ ಚೆಲ್ಲಿತು. ಚೆಲ್ಲಿದ್ದನ್ನು ಒರೆಸಿದವಳು ಅವನ ಹೆಂಡತಿ ಬೆರಿಲ್. ಮುಂದಿನದ್ದಕ್ಕೆಲ್ಲ ಅದೇ ಪೀಠಿಕೆ.

ನ್ಯೂ ಸೌತ್ ವೇಲ್ಸಿನ ಆ ಗೋಧಿ ಸೀಮೆಯ ಊರಿಗೆಲ್ಲ ಕ್ಲಾರಿ ಒಬ್ಬನೇ ಕಟುಕ. ಹಗಲೆಲ್ಲ ಕುರಿಮಾಂಸ, ಸಾಸೇಜು. ಅಂಗಡಿ ಮುಚ್ಚಿದ ಮೇಲೆ ಬ್ರಹ್ಮಾಂಡ! ದಪ್ಪ ಗಾಜಿನ ಬಿಲ್ಲೆಯೊಂದನ್ನು ಪೀಪಾಯಿಯ ಮೇಲಿಟ್ಟು, ಅದರ ಮೇಲೆ ಒರಟು ಪುಡಿ ಸುರಿದು, ಇನ್ನೊಂದು ಬಿಲ್ಲೆಯಿಂದ ತಿಕ್ಕುತ್ತ, ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದ. ಹಾಗೆ ತಿಕ್ಕಿದರೆ ಮೇಲಿನ ಗಾಜು ನಿಧಾನವಾಗಿ ಬಟ್ಟಲಿನಂತೆ ತಗ್ಗಾಗುತ್ತದೆ.

"ಆ ತಗ್ಗಿಗೆ ಬಿದ್ದ ಬೆಳಕೆಲ್ಲ ಒಂದೇ ಕಡೆ ಬಂದು ಕೂಡ್ಕೊಳ್ಳತ್ತೆ ಬೆರಿಲ್. ಬಟ್ಟಲು ಅಗಲ ಆದಷ್ಟೂ ಬೆಳಕು ಜಾಸ್ತಿ!"

"ನಮ್ಮನೇಲಿ ಬಟ್ಟಲಿಗೇನು ಬರ ಬಂದಿತ್ತಾ?"

ಉಳಿದಿದ್ದು ಕೊನೆಯ ಹೊಳಪು. ಅದಕ್ಕೆ ನೀರಲ್ಲಿ ಕಲಸಿದ ಕೆಂಪು ಪುಡಿ. ತುಕ್ಕಿನ ಜಾತಿಯದು, ಹಿಡಿದದ್ದನ್ನು ಬಿಡುವುದಿಲ್ಲ. ಧೂಳಿಲ್ಲದ ಜಾಗ ಬೇಕೆಂದು ಕ್ಲಾರಿ ಬಟ್ಟೆ ಒಗೆಯುವ ಕೋಣೆಗೆ ಲಗ್ಗೆ ಹಾಕಿದ. ಕತ್ತಲಲ್ಲಿ ದೀಪ ಹಿಡಿದು ಗಾಜಿನ ಆಕಾರ ಪರೀಕ್ಷಿಸಬೇಕೆಂದು ಕಿಟಕಿಗೆ ಕಂಬಳಿಯನ್ನೂ ಹೊಡೆದ.

ಬೆರಿಲ್ ಒಗೆಯುವ ತೊಟ್ಟಿಗೆ ಅಡ್ಡ ನಿಂತಳು. ಅವಳು ಹೆಂಗಸರ ಬೌಲ್ಸ್ ತಂಡದ ನಾಯಕಿ. ಹುಲ್ಲುಹಾಸಿನ ಮೇಲೆ ಚೆಂಡು ಉರುಳಿಸುವ ಆ ಆಟದಲ್ಲಿ ಪಕ್ಕದ ಊರಿನವರು ಪ್ರತಿವರ್ಷ ಗೆದ್ದು ಬಹುಮಾನದ ಕಪ್ ಹೊತ್ತುಕೊಂಡು ಹೋಗುತ್ತಿದ್ದರು. ಈ ಸಲವಾದರೂ ಉಳಿಸಿಕೊಳ್ಳಬೇಕು. ಶನಿವಾರ ಅಂತಿಮ ಪಂದ್ಯ. ಅಚ್ಚ ಬಿಳಿ ಉಡುಪಿಲ್ಲದವರಿಗೆ ಹುಲ್ಲಿನ ಮೇಲೆ ಕಾಲಿಡಲೂ ಅಪ್ಪಣೆಯಿಲ್ಲ. ಒಬ್ಬೊಬ್ಬರ ಬಿಳುಪು ಒಂದೊಂದು ಥರ ಕಾಣಬಾರದೆಂದು ನಾಲ್ವರ ಉಡುಪನ್ನೂ ಬೆರಿಲ್ ತಾನೇ ಒಗೆಯುತ್ತಿದ್ದಳು.

"ನೋಡು, ಆ ಕೆಂಪು ಒಂದೇ ಒಂದು ಹನಿ ನಮ್ಮ ಬಟ್ಟೆಗೆ ಬಿತ್ತೋ, ನಿನ್ನ ಗಾಜು ಸೀದಾ ತಿಪ್ಪೆಗೆ!"

"ಒಂದು ಹನಿಯೂ ಬೀಳಲ್ಲ ಕಣೇ. ಇದು ಕ್ಲಾರಿ ಟಿಬೆಟ್ ಮಾತು!"

ಮಾತಿಗೆ ತಪ್ಪಲಿಲ್ಲ ಪುಣ್ಯಾತ್ಮ. ಹನಿ ಬೀಳಲಿಲ್ಲ, ಪುಡಿಯ ಡಬ್ಬಿಯೇ ಮುಳುಗಿತು! ಶುಕ್ರವಾರ ಸಂಜೆ ಹೊಳಪು ಮುಗಿಸಿ, ಆ ಕತ್ತಲಲ್ಲೇ ತೊಟ್ಟಿಯ ನೀರಿಗೆ ಕೈ ಅದ್ದಿದ, ಚಿಂದಿ ಹಿಂಡಿದ, ಡಬ್ಬಿಯನ್ನೂ ಮುಳುಗಿಸಿ ತೊಳೆದ. ನೀರೇಕೆ ಗಂಜಿಯಂತಿದೆ ಎಂದು ಕಂಬಳಿ ಸರಿಸಿ ನೋಡಿದರೆ, ಗಂಜಿಯಲ್ಲಿ ನೆನೆದಿದ್ದ ನಾಲ್ಕೂ ಉಡುಪು ಎಳೆ ಗುಲಾಬಿ! ಗಾಬರಿಯಲ್ಲಿ ಬ್ಲೀಚಿಂಗ್ ಪುಡಿ ಸುರಿದ. ಬಣ್ಣ ಇನ್ನಷ್ಟು ಕಚ್ಚಿಕೊಂಡು ಅವನದೇ ಅಂಗಡಿಯ ಸಾಸೇಜಿನ ಬಣ್ಣಕ್ಕೆ ಬಂತು.

ಬಾಗಿಲಲ್ಲಿ ಬೆರಿಲ್ ನಿಂತಿದ್ದಳು. ಕೂಗಾಡಿದ್ದರೆ ಎಷ್ಟೋ ವಾಸಿ. ಅವಳು ಮೊರದಷ್ಟಗಲ ಕಣ್ಣು ಬಿಟ್ಟು ಸ್ಟೂಲಿನ ಮೇಲೆ ಕುಸಿದಳು. ಕ್ಲಾರಿ ಗಾಜಿನ ಬಿಲ್ಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಬೆರಿಲ್... ಬೇಕಾದ್ರೆ ಗಾಜನ್ನ ಈಗ್ಲೇ ತಿಪ್ಪೆಗೆ..."

"ಗಾಜು ಉಟ್ಕೊಂಡು ಆಡಕ್ಕಾಗತ್ತಾ? ನಾಳೆ ನಾವು ಉಡೋದೇನು, ಅದನ್ನ ಹೇಳು!"

ಕ್ಲಾರಿ ಮೈಮೇಲಿನ ಕೋಟು ನೋಡಿಕೊಂಡ. ಅದು ಕೆಂಪಾಗಿತ್ತು. ಆದರೆ ಅಂಗಡಿಯಲ್ಲಿ ಇಸ್ತ್ರಿ ಮಾಡಿಟ್ಟ ಬಿಳಿ ಕೋಟುಗಳು ಸಾಲಾಗಿ ನೇತಾಡುತ್ತಿದ್ದವಲ್ಲ! ಅಂಗಡಿಗೆ ಓಡಿದ.

ಮರುದಿನ ನಿರ್ಣಾಯಕಿ ಮಿಸೆಸ್ ಪಾರ್ಗೆಟರ್ ಎಂದಿನಂತೆ ಎಲ್ಲರನ್ನೂ ಮಂಡಿಯೂರಿಸಿ, ಅಂಚು ನೆಲದಿಂದ ಎಷ್ಟು ಮೇಲಿದೆಯೆಂದು ಟೇಪು ಹಿಡಿದಳು.

"ಇದು ಕಟುಕರ ಕೋಟಲ್ವಾ?"

"ನಿಯಮದಲ್ಲಿ ಬಿಳಿ ಅಂತಿದೆ," ಎಂದಳು ಬೆರಿಲ್, ಮಂಡಿಯೂರಿಯೇ. "ಮಾಂಸದಂಗಡೀದು ಆಗ್ಬಾರ್ದು ಅಂತ ಎಲ್ಲಿದೆ, ತೋರ್ಸಿ!"

ಮಿಸೆಸ್ ಪಾರ್ಗೆಟರ್ ಮತ್ತೊಮ್ಮೆ ಅಳೆದಳು. ಉದ್ದ ಸರಿಯಿತ್ತು, ಬಿಳುಪಂತೂ ಕಣ್ಣು ಕುಕ್ಕುತ್ತಿತ್ತು. ಬೇಲಿಯಾಚೆ ಕ್ಲಾರಿ ಉಸಿರು ಬಿಗಿಹಿಡಿದು ನಿಂತಿದ್ದ. "ಆಡಿ," ಎಂದಳು ಆಕೆ. ಎದುರಾಳಿಗಳು ಮಾತ್ರ ಆಟ ಮುಗಿಯುವವರೆಗೂ ಬೆರಿಲ್‌ಳ ಕೈಯಲ್ಲಿರುವುದು ಚೆಂಡೋ ಕತ್ತಿಯೋ ಎಂಬಂತೆ ಬೆದರಿ ಬೆದರಿ ಉರುಳಿಸಿದರು. ಬೆರಿಲ್‌ಳ ಕೊನೆಯ ಚೆಂಡು ಸೊಟ್ಟಗೆ ಬಳುಕಿ ಹೋಗಿ ಗುರಿಯ ಪುಟ್ಟ ಚೆಂಡಿಗೆ ಆತು ನಿಂತಿತು. ಕಪ್ ಊರಲ್ಲೇ ಉಳಿಯಿತು! ಕ್ಲಾರಿ ಬೇಲಿಗೆ ಒರಗಿ ನಿಟ್ಟುಸಿರು ಬಿಟ್ಟ. ತಲೆ ಮೇಲಿಂದ ಬಂಡೆ ಇಳಿದಂತಾಗಿ, ಅವನಿಗೆ ನಿಜಕ್ಕೂ ಕಣ್ಣು ಒದ್ದೆಯಾಯಿತು.

ಅಂದು ಸಂಜೆ ಕತ್ತಲಾಗುತ್ತಲೇ ಹಿತ್ತಲಲ್ಲಿ ಟೆಲಿಸ್ಕೋಪು ನಿಂತಿತು. ಗಾಜಿಗೆ ಬೆಳ್ಳಿ ಲೇಪಿಸುವುದು ಇನ್ನೂ ಬಾಕಿಯಿತ್ತು. ಆದರೆ ಕಾಯುವ ತಾಳ್ಮೆ ಯಾರಿಗಿದೆ? ಬರಿಯ ಗಾಜಿನಲ್ಲೇ ಮಂಗಳ ಕಂಡಿತು, ದುಂಡಗೆ, ಕೆಂಪಗೆ, ಸ್ಪಷ್ಟವಾಗಿ! ತಿಪ್ಪೆಯ ಮಾತು ಯಾರೂ ಎತ್ತದಿದ್ದುದರಿಂದ ಕ್ಲಾರಿಯ ಎದೆ ಮತ್ತೆ ಉಬ್ಬಿತು.

"ಬಾ ಬೆರಿಲ್, ನೋಡು! ಎಲ್ಲಾ ನನ್ನ ಕೈಗುಣ!"

ಕಟುಕರ ಕೋಟಿನಲ್ಲೇ ಇದ್ದ ಬೆರಿಲ್ ಬಾಗಿ ಕಣ್ಣಿಟ್ಟಳು. ಬಹಳ ಹೊತ್ತು ನೋಡಿದಳು. ಆಮೇಲೆ ಕಣ್ಣು ತೆಗೆಯದೆಯೇ ಕೇಳಿದಳು:

"ಹೌದಾ ಮಾರಾಯಾ? ಇದನ್ನೂ ನೀನೇ ಒಗ್ದಿದ್ದಾ?"